ಕರಿ ತುತಾನ ಒಂದು ಮರಿ

ನಮ್ಮ ಮಕುಸಾನಿ ಸೀಮೆಯ ಬೆಟ್ಟಗಳಲ್ಲಿ ಈಗ ಕುರಿಯ ಹಾಗೆ ಉಣ್ಣೆ ಕೊಡುವ ಅಲ್ಪಾಕಾಗಳ ಯಾವ ಹಿಂಡು ನೋಡಿದರೂ ಬಿಳಿ. ದೇವರು ಮಾಡಿದ್ದಲ್ಲ ಇದು. ಬಿಳಿ ಉಣ್ಣೆಗೆ ಬೇಕಾದ ಬಣ್ಣ ಹಾಕಬಹುದು ಅಂತ ಗಿರಣಿಯ ದಲ್ಲಾಳಿಗಳು ಕರಿಯದನ್ನು ಕಂಡರೆ ಮೂಗು ಮುರಿದರು. ಕರಿಯವೆಲ್ಲ ಒಣಮಾಂಸವಾಗಿ ಹಗ್ಗದ ಮೇಲೆ ನೇತಾಡಿದವು. ನಾವೂ ಸುಮ್ಮನೆ ತಿಂದೆವು. ಅದನ್ನು ಒಪ್ಪಿಕೊಂಡೇ ಮುಂದಿನದು ಹೇಳಬೇಕು.

ನಮ್ಮೂರಿನ ಹೆಂಗಸು ಎವಾರಿಸ್ತಾ ತುರ್ಪೊ ಮಾತ್ರ ಒಂದು ಗಂಡು ಅಲ್ಪಾಕಾ ಉಳಿಸಿಕೊಂಡಿದ್ದರು. ಹೆಸರು ತುತಾ, ಅಂದರೆ ಇರುಳು. ನಮ್ಮ ಕಣಿವೆಯ ಕೊನೆಯ ಕರಿ ಗಂಡು. ಆದರೆ ಮುದಿಯಾಗಿತ್ತು, ಸೊಂಟ ಬಿದ್ದಿತ್ತು, ಹೆಣ್ಣಿನ ಮೇಲೆ ಕೂರಲು ಹೋದರೆ ಪಕ್ಕಕ್ಕೆ ಉರುಳುತ್ತಿತ್ತು. ಹಲ್ಲು ಸವೆದ ಪ್ರಾಣಿ ನಮ್ಮ ಚಳಿಗಾಲದ, ಜೂನಿನ ಹಿಮ ದಾಟುವುದಿಲ್ಲ, ಅದಕ್ಕೆ ಮೊದಲೇ ಕಡಿಯೋಣ ಅಂತ ಅವರ ಅಣ್ಣ ಫೌಸ್ತಿನೊ ಚೂರಿ ಮಸೆದು ಇಟ್ಟಿದ್ದ. ಎವಾರಿಸ್ತಮ್ಮನಿಗೆ ಬೇಕಿದ್ದುದು ಒಂದೇ. ಆಚೆ ಕಣಿವೆಯಿಂದ ತಂದಿದ್ದ ಕರಿ ಹೆಣ್ಣಿನಲ್ಲಿ ತುತಾನದೊಂದು ಮರಿ.

ಊರ ಹೊರಗಿನ ತಳಿ ಕೇಂದ್ರದಲ್ಲಿ ಅವರು ಹನ್ನೊಂದು ವರ್ಷದಿಂದ ಗಾಜಿನ ನಳಿಗೆ ತೊಳೆಯುತ್ತಿದ್ದರು. ಅಲ್ಪಾಕಾದ ವೀರ್ಯ ಮೊಟ್ಟೆಯ ಬಿಳಿಯ ಹಾಗೆ ಲೋಳೆ, ಎಳೆದರೆ ದಾರವಾಗುತ್ತದೆ. ಪರಂಗಿಕಾಯಿಯ ಸೊನೆಯ ಪುಡಿ ಬೆರೆಸಿ, ಬೆಚ್ಚಗಿಟ್ಟು, ಅದನ್ನು ತಿಳಿ ಮಾಡುವುದೇ ಅಲ್ಲಿನ ದೊಡ್ಡ ವಿದ್ಯೆ. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ನಳಿಗೆ ತೊಳೆಯುವವಳಿಗೆ ಕಣ್ಣಿಲ್ಲ ಅಂತ ಓದಿದವರು ಅಂದುಕೊಂಡರೆ ಅದು ಓದಿನ ತಪ್ಪು.

ತುತಾನ ವೀರ್ಯ ತೆಗೆದುಕೊಡಿ ಅಂತ ಕೇಳಿದಾಗ, ಅರೆಕಿಪಾ ಪಟ್ಟಣದಿಂದ ಬಂದ ಪಶುವೈದ್ಯ ಲಿಸಾರ್ದೊ ಮೊದಲು ಕೇಂದ್ರ ಒಪ್ಪಿದ ಪ್ರಾಣಿಗಳ ಪಟ್ಟಿ ತೋರಿಸಿದ. ಪಟ್ಟಿಯಲ್ಲಿದ್ದುದೆಲ್ಲ ಬಿಳಿ ಗಂಡುಗಳೇ. ಅಲ್ಲದೆ, ವೀರ್ಯ ಹಿಡಿಯಲು ಇಟ್ಟಿರುವ ಚರ್ಮದ ಗೊಂಬೆಯ ಮೇಲೆ ತುತಾ ಹತ್ತುವುದೂ ಸಾಧ್ಯವಿರಲಿಲ್ಲ. ಎವಾರಿಸ್ತಮ್ಮ ಮೂರು ವಾರ ಬಿಡದೆ ಕೇಳಿದರು. ಕೊನೆಗೆ ಅವನೇ ದಾರಿ ಹೇಳಿದ: ಕಡಿದ ಮೇಲೆ ಬೀಜ ತಂದುಕೊಟ್ಟರೆ, ಅದಕ್ಕೆ ಅಂಟಿದ ನಾಳ ತೊಳೆದು ವೀರ್ಯಾಣು ತೆಗೆಯಬಹುದು, ಅಲ್ಲಿ ಲೋಳೆಯ ಕಾಟವೂ ಇಲ್ಲ. ನಾಳೆ ಬೆಳಿಗ್ಗೆಯೇ ಕಡಿಸಿಬಿಡಿ, ಹೆಣ್ಣಿನ ವಿಚಾರ ಆಮೇಲೆ ನೋಡೋಣ ಅಂದ.

"ಆಮೇಲೆ ಅಂದ್ರೆ ಯಾವಾಗ ಡಾಕ್ಟ್ರೇ? ಗಂಡು ಮೇಲೆ ಕೂತು ಹಾಡದೆ ನಮ್ಮ ಹೆಣ್ಣು ಅಂಡ ಬಿಡುತ್ತಾ? ಹಾಡು ಕೇಳಿ ಅಂಡ ಇಳಿಯೋಕೆ ಒಂದು ದಿನ ಬೇಕು, ತೆಗೆದ ಬೀಜ ಅಲ್ಲಿವರೆಗೆ ಕಾಯಲ್ಲ. ಮೊದಲು ಅವಳು, ಆಮೇಲೆ ಚೂರಿ."

ಅಂಡ ಬಿಡಿಸುವ ಸೂಜಿಮದ್ದು ಕೇಂದ್ರದಲ್ಲಿತ್ತು, ಆದರೆ ಪಟ್ಟಿಯ ಬಿಳಿ ಹೆಣ್ಣುಗಳಿಗೆ ಮೀಸಲು. ಮದ್ದಿಗೂ ಬಣ್ಣ ನೋಡುವವರು ನಾವು.

"ನಿಮ್ಮ ಹೆಣ್ಣಿಗೆ ಮದ್ದು ಇಲ್ವಲ್ಲಮ್ಮ."

"ಕೇಂದ್ರದ ಬಿಳಿ ಗಂಡು ಅಲ್ಫೆರೆಸ್ ಇದ್ದಾನಲ್ಲ. ವೀರ್ಯದ ನಾಳ ಕತ್ತರಿಸಿ ನೀವೇ ಬಿಟ್ಟಿದ್ದೀರಿ, ಮರೆತ್ರಾ? ಅವನಿಗೆ ಹಾಡು ಬರುತ್ತೆ, ಮರಿ ಬರಲ್ಲ. ನಮಗೆ ಬೇಕಾಗಿರೋದೂ ಹಾಡೇ."

ಹಾಗೆ ಒಂದು ಬಿಳಿ ಗಂಡು ಕರಿ ಹೆಣ್ಣಿನ ಬೆನ್ನಮೇಲೆ ಅರ್ಧ ಗಂಟೆ ಗಂಟಲಲ್ಲಿ ಗೊರಗೊರ ಹಾಡಿತು. ಫೌಸ್ತಿನೊ ಚೂರಿ ಒರೆಸುತ್ತಾ, ಮದುವೆ ಒಬ್ಬನದು, ಮಗು ಇನ್ನೊಬ್ಬನದು, ಪಾದ್ರಿಗೆ ಏನು ಹೇಳ್ತೀಯೆ ತಂಗೀ ಅಂತ ಛೇಡಿಸಿದ. ಪಾದ್ರಿಯನ್ನು ನಾನು ನೋಡಿಕೊಳ್ತೀನಿ, ನೀನು ಚೂರಿ ಒಳಗಿಡು ಅಂದರು.

ಮರುದಿನ ಬೆಳಗ್ಗೆ ಎವಾರಿಸ್ತಮ್ಮ, ಕಡಿಯುವ ಮುಂಚೆ ನಮ್ಮಲ್ಲಿ ಮಾಡುವ ಹಾಗೆ, ತುತಾನ ಬಾಯಿಗೆ ಕೋಕಾ ಎಲೆ ಇಟ್ಟು, ಕಿವಿಯಲ್ಲಿ ಏನೋ ಹೇಳಿದರು. ಏನು ಅಂತ ನಾನು ಕೇಳಲಿಲ್ಲ. ಫೌಸ್ತಿನೊ ಕಡಿದಾದ ಮೇಲೆ ಬಟ್ಟೆಯಲ್ಲಿ ಸುತ್ತಿದ ಬೀಜಗಳನ್ನು ಎದೆಗೆ ಅವಚಿ, ಮೇಲೆ ಎರಡು ಶಾಲು ಹೊದ್ದು, ಆ ಗಾಳಿಯಲ್ಲಿ ಕೇಂದ್ರಕ್ಕೆ ನಡೆದರು. ಹಿಮದಲ್ಲಿ ಹುಟ್ಟಿದ ಮರಿಗಳನ್ನೂ ಅವರು ತಂದಿದ್ದು ಹೀಗೆಯೇ.

ಡಾಕ್ಟರು ಕೂದಲಷ್ಟು ತೆಳ್ಳನೆಯ ನಾಳ ಬಿಡಿಸಿ, ಬೆಚ್ಚನೆಯ ದ್ರಾವಣದಲ್ಲಿ ತೊಳೆದ. ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಎದ್ದು, ಮೊದಲ ಬಾರಿ ಅವರಿಗೆ ಕುರ್ಚಿ ಬಿಟ್ಟುಕೊಟ್ಟ. ಎವಾರಿಸ್ತಮ್ಮ ಒಂದು ಕಣ್ಣು ಮುಚ್ಚಿ ನೋಡಿದರು. ಓಡಾಡ್ತಿದ್ದಾನೆ, ಸೊಂಟ ನೋವಿಲ್ಲದೆ ಓಡಾಡ್ತಿದ್ದಾನೆ ಅಂದರು. ಅಂದು ಮಧ್ಯಾಹ್ನವೇ, ಅಂಡ ಇಳಿಯುವ ಹೊತ್ತಿಗೆ, ಹೆಣ್ಣಿಗೆ ಅದನ್ನು ಏರಿಸಿದರು.

ಇಪ್ಪತ್ತೆರಡನೆಯ ದಿನ ಪರೀಕ್ಷೆ. ನಮ್ಮಲ್ಲಿ ಅದಕ್ಕೆ ಯಂತ್ರ ಬೇಡ, ಹತ್ತಿರಕ್ಕೆ ಒಂದು ಗಂಡು ಬಿಟ್ಟರೆ ಸಾಕು. ಹೆಣ್ಣು ಅವನಿಗೆ ಕೂತರೆ ಹೊಟ್ಟೆ ಖಾಲಿ, ಓಡಿಸಿದರೆ ಗರ್ಭ ನಿಂತಿದೆ. ಅಲ್ಫೆರೆಸ್ ಹಾಡಿಕೊಂಡು ಬಂದ. ಹೆಣ್ಣು ಕಿವಿ ಹಿಂದಕ್ಕೆ ಮಡಚಿ, ಕತ್ತೆತ್ತಿ, ಹೊಟ್ಟೆಯ ಹಸಿರು ಕಕ್ಕಿ ಉಗಿಯಿತು. ಅರ್ಧ ಅವನ ಮುಖಕ್ಕೆ, ಅರ್ಧ ಹಿಂದೆ ನಿಂತಿದ್ದ ಡಾಕ್ಟರ ಕನ್ನಡಕಕ್ಕೆ. ಎವಾರಿಸ್ತಮ್ಮ ಬೇಲಿ ಹಿಡಿದು ಕೂತೇಬಿಟ್ಟರು. ನಗುವಿಗೋ ಅಳುವಿಗೋ, ಭುಜ ಕುಲುಕುತ್ತಿತ್ತು.

ಆ ಕೆಲಸದ ಅಚ್ಚಾದ ವರದಿ ನಾನು ಓದಿದ್ದೇನೆ. ಮೂರು ಜನ ಪಂಡಿತರ ಹೆಸರಿದೆ, ಅದರಲ್ಲಿ ಇಬ್ಬರು ನಮ್ಮ ಬೆಟ್ಟ ಹತ್ತಿದವರೇ ಅಲ್ಲ. ಎವಾರಿಸ್ತಮ್ಮನ ಹೆಸರಿಲ್ಲ. ನಾಚಿಕೆ ಯಾರಿಗೆ ಆಗಬೇಕೋ ಅವರಿಗೆ ಆಗಲಿ.

ಆದರೆ ಆ ಪರೀಕ್ಷೆಯ ದಿನ ಡಾಕ್ಟರು ಕೊಟ್ಟಿಗೆಯಲ್ಲೇ ತಳಿಯ ದಾಖಲೆ ಪುಸ್ತಕ ತೆರೆದು, ತಂದೆಯ ಹೆಸರು ಬರೆಯುವ ಕಡೆ ಪೆನ್ಸಿಲ್ ಇಟ್ಟಿದ್ದನ್ನು ನಾನು ಕಂಡೆ.

"ಪೆನ್ನಲ್ಲಿ ಬರೀರಿ ಡಾಕ್ಟ್ರೇ."

"ಇನ್ನೂ ಹೊಸ ಗರ್ಭ ಅಮ್ಮ. ನಿಲ್ಲದೆ ಹೋದ್ರೆ?"

"ಹೋದ್ರೆ ನಾನೇ ಬಂದು ಆ ಹೆಸರಿಗೆ ಗೀಟು ಹಾಕ್ತೀನಿ. ಈಗ ಬರೀರಿ."

ಡಾಕ್ಟರು ಕನ್ನಡಕ ಒರೆಸಿಕೊಂಡು ಪೆನ್ನು ತೆಗೆದ.