ನಾದಿನಿ ಆರಿಸಿದ ಗುಡ್ಡ

ನನ್ನ ನಾದಿನಿಗೆ ಸಂಜೆಯಾದೊಡನೆ ಮೈ ಬೆಚ್ಚಗಾಗತೊಡಗಿದ್ದು ನಯಾಪೈಸೆ ಚಲಾವಣೆಗೆ ಬಂದ ಹೊಸತರಲ್ಲಿ. ಶಿಕಾರಿಪುರದ ಪೇಟೆ ಬೀದಿಯಲ್ಲಿ ನಮ್ಮದು ಉದ್ದಕ್ಕೆ ಸುರಂಗದಂಥ ಮನೆ. ಮುಂದಿನ ಕೋಣೆಯಲ್ಲಿ ನನ್ನ ಯಜಮಾನರು ಹೊಲಿಗೆ ಮಷೀನು ಇಟ್ಟುಕೊಂಡಿದ್ದರು. ಹಿಂದೆ ಅಡುಗೆಮನೆ. ನಡುವಿನ ಕತ್ತಲೆ ಕೋಣೆಯಲ್ಲಿ ನಾನು, ಅತ್ತೆ, ನಾದಿನಿ, ಇನ್ನೂ ಅಂಬೆಗಾಲಿಡುತ್ತಿದ್ದ ನನ್ನ ಮಗಳು. ಮಾವನವರು ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನಾದಿನಿಗೂ ನನಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಆಗಷ್ಟೇ ಮುಂಬಯಿ ಸೀಮೆಯಿಂದ ನಮ್ಮ ಕಡೆಗೆ ಸೇರಿದ್ದ ಹಿರೇಕೆರೂರಿನ ಒಂದು ಮನೆಯಿಂದ ಅವಳಿಗೆ ಸಂಬಂಧ ಬಂದು, ಮಾತುಕತೆ ನಡೆದಿತ್ತು.

ಆಸ್ಪತ್ರೆಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಯಜಮಾನರನ್ನು ಒಳಗೆ ಕರೆದು ಕ್ಷಯ ಎಂದರು. ಈಗ ಇಂಜೆಕ್ಷನ್ ಬಂದಿದೆ, ಮೊದಲಿನ ಹಾಗಲ್ಲ, ಹೆದರಬೇಡಿ ಎಂದೂ ಹೇಳಿದರಂತೆ. ಆದರೆ ಈ ಮನೆಯಲ್ಲಿಟ್ಟುಕೊಂಡು ಇಂಜೆಕ್ಷನ್ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಎತ್ತರದ ಜಾಗ ನೋಡಿ, ಹಗಲೂ ರಾತ್ರಿ ಬಯಲಿನಲ್ಲೇ ಇರಲಿ, ಮಗುವಿಗೆ ಲಸಿಕೆ ಹಾಕಿಸಿ, ಮಲಗುವುದು ಉಣ್ಣುವುದು ಬೇರೆ ಮಾಡಿ ಎಂದರು.

ಯಜಮಾನರಿಗೆ ತಂಗಿಯ ಮೇಲೆ ಪ್ರಾಣ. ಅವಳನ್ನು ಯಾವುದಾದರೂ ನೆಂಟರ ಮನೆಗೆ ಕಳಿಸುವ ಮಾತನ್ನು ಅವರು ಎತ್ತಲೇ ಇಲ್ಲ. ಹೋದರೆ ಎಲ್ಲರೂ ಹೋಗುವುದು ಎಂದುಬಿಟ್ಟರು. ನನಗೆ ಮಾತ್ರ, ಬೇಕಾದರೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿರು ಎಂದರು. ಆ ರಾತ್ರಿ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬಹಳ ಯೋಚಿಸಿದೆ. ಹೆದರಿಕೆ ಇಲ್ಲದಿರಲಿಲ್ಲ. ಆದರೆ ಬಾಣಂತನದಲ್ಲಿ ನನ್ನ ಮಗುವಿನ ಹೊಲಸು ಬಟ್ಟೆಯನ್ನು ಹೇಸದೆ ಒಗೆದಿದ್ದವಳು ಅದೇ ನಾದಿನಿ. ಬೆಳಿಗ್ಗೆ ನಾನೂ ಬರುತ್ತೇನೆ ಎಂದೆ. ಅವರು ತಲೆ ಬಗ್ಗಿಸಿಕೊಂಡು ಕೈಯಲ್ಲಿದ್ದ ಅಂಗಿಯ ತೋಳನ್ನು ಹೊಲಿಯುತ್ತಲೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ತೋಳು ತಿರುಗಮುರುಗಾ ಕೂತಿತ್ತು.

ಒಂದು ವಿಷಯದಲ್ಲಿ ಮಾತ್ರ ತಾಯಿಗೂ ಮಗನಿಗೂ ಹೊಂದಲಿಲ್ಲ. ಕಾಯಿಲೆಯ ಸುದ್ದಿ ಹೊರಗೆ ಬಿದ್ದರೆ ಸಂಬಂಧ ಮುರಿಯುತ್ತದೆ, ಜಾಗವನ್ನೂ ಯಾರೂ ಕೊಡುವುದಿಲ್ಲ, ವ್ಯಾಪಾರಕ್ಕೆ ಹೋಗುತ್ತಿದ್ದೇವೆ ಎನ್ನೋಣ ಎಂಬುದು ಯಜಮಾನರ ಲೆಕ್ಕ. ಅತ್ತೆ ಅದಕ್ಕೆ ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ.

ಮೊದಲು ನೋಡಿದ್ದು ಉಡುತಡಿಯ ಕಡೆಯ ಒಂದು ದಿಣ್ಣೆ. ಯಜಮಾನರ ಸೋದರಮಾವನ ಹೊಲ ಅದು. ಪೈರು ಕಾಯುವ ಗುಡಿಸಲೂ ಇತ್ತು. ಸೈಕಲ್ ತುಳಿದರೆ ಅಂಗಡಿಗೆ ಬಂದು ಹೋಗಬಹುದು ಎಂದು ಯಜಮಾನರಿಗೆ ಅದರ ಮೇಲೇ ಮನಸ್ಸು. ನಾವು ಹತ್ತಿ ನಿಂತಾಗ ಗಾಳಿಯೇನೋ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಜೊತೆ ಕೆಳಗಿನ ಇಟ್ಟಿಗೆ ಗೂಡಿನ ಹೊಗೆಯೂ ಬಂತು. ನಾದಿನಿ ಸೆರಗು ಬಾಯಿಗೊತ್ತಿಕೊಂಡು ಕೆಮ್ಮತೊಡಗಿದಳು. ಇಳಿದು ಬಂದೆವು.

ಆಮೇಲೆ ಗೊತ್ತಿದ್ದವರೊಬ್ಬರು ಚಂದ್ರಗುತ್ತಿಯ ಗುಡ್ಡದ ಕೆಳಗಿನ ಒಂದು ಹಳ್ಳಿಯ ದಾರಿ ತೋರಿಸಿದರು. ಬಸ್ಸಿನಲ್ಲಿ ಸೊರಬಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಎತ್ತಿನ ಗಾಡಿ. ಅಲ್ಲಿನ ಒಬ್ಬ ಜಮೀನುದಾರರ ಮನೆಯಿಂದ ಸ್ವಲ್ಪ ಮೇಲೆ, ಗುಡ್ಡದ ಮಗ್ಗುಲಲ್ಲಿ, ಖಾಲಿ ಬಿದ್ದಿದ್ದ ಒಂದು ಬಿಡಿಮನೆ. ಮುಂದೆ ಅಗಲವಾದ ಜಗಲಿ, ಪಕ್ಕದಲ್ಲೇ ಬೇಸಿಗೆಯಲ್ಲೂ ಬತ್ತದ ಒರತೆ, ಎದುರಿಗೆ ಸಾಲು ಸಾಲು ಬೆಟ್ಟ. ಡಾಕ್ಟರು ಕಣ್ಣಿಂದ ನೋಡಿಯೇ ಹೇಳಿದ್ದರೇನೋ ಎನ್ನುವ ಹಾಗಿತ್ತು. ಪೇಟೆಯ ಅಂಗಡಿ ಬಿಟ್ಟು ಇಲ್ಲಿಗೇಕೆ ಎಂದು ಜಮೀನುದಾರರು ಕೇಳಿದರು. ಈ ಸುತ್ತಿನಲ್ಲಿ ದರ್ಜಿಗಳೇ ಇಲ್ಲವಂತಲ್ಲ ಎಂದರು ಯಜಮಾನರು. ಅವರಿಗೆ ಬಲು ಸಂತೋಷವಾಯಿತು. ಮಜ್ಜಿಗೆ ತರಿಸಿದರು. ಅವರ ಹೆಂಡತಿ ಬಂದವರೇ ನನ್ನ ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ಒಳಗೆ ಕರೆದೊಯ್ದು ಬೆಲ್ಲದ ಚೂರು ತಿನ್ನಿಸಿಕೊಂಡು ಬಂದರು.

ಅತ್ತೆ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು.

"ನಮ್ಮ ಹುಡುಗೀಗೆ ಕ್ಷಯ ಐತ್ರೀ. ಅದಕ್ಕೇ ಗಾಳಿ ಹುಡುಕ್ಕಂಡು ಬಂದೀವಿ. ಈಗ ಹೇಳ್ರಿ, ಜಾಗ ಕೊಡ್ತೀರೋ ಇಲ್ಲೋ."

ಆ ಹೆಂಗಸು ಮಗುವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟರು. ಜಮೀನುದಾರರು, "ಹೇಳಿದ್ದು ಒಳ್ಳೇದಾತು ಅಮ್ಮಾ. ನನ್ ಮಗಳು ಬಸುರಿ, ಹೆರಿಗೆಗೆ ಬಂದಾಳೆ. ನಂಗೆ ಧೈರ್ಯ ಬತ್ತಿಲ್ಲ. ಬೇಜಾರ್ ಮಾಡ್ಕಬ್ಯಾಡಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ತಮ್ಮದೇ ಗಾಡಿ ಕಟ್ಟಿಸಿ, ಒಂದು ಗೊನೆ ಬಾಳೆಹಣ್ಣು ಇಡಿಸಿ, ಬಸ್ಸು ಸಿಗುವ ಕಡೆಗೆ ಕಳಿಸಿಕೊಟ್ಟರು.

ಗಾಡಿಯಲ್ಲಿ ಯಜಮಾನರು ತಾಯಿಯ ಕಡೆಗೆ ಬೆನ್ನು ಹಾಕಿ ಕೂತಿದ್ದರು. ಬಹಳ ದೂರ ಬಂದ ಮೇಲೆ, ಕೈಗೆ ಬಂದದ್ದನ್ನು ಚೆಲ್ಲಿಬಿಟ್ಟೆ ಎಂದರು. ಇನ್ನು ಸುದ್ದಿ ಹಬ್ಬುತ್ತದೆ, ಮಗಳ ಮದುವೆಯನ್ನೂ ನೀನೇ ಮುರಿದೆ ಎಂದರು.

"ಆ ಯಮ್ಮ ನಮ್ಮ ಕೂಸನ್ನ ಸೊಂಟದ ಮ್ಯಾಲೆ ಕುಂದರಿಸ್ಕಂಡಿದ್ಲು" ಎಂದರು ಅತ್ತೆ. "ಅಂಥಾ ಮನೀಗೆ ಸುಳ್ಳು ಹೊತ್ಕಂಡು ಹೆಂಗ ಹೋಗ್ಲಿ?"

ಬಸ್ಸು ನಿಲ್ಲುತ್ತಿದ್ದದ್ದು ಗುಡ್ಡವನ್ನು ಬಳಸಿ ಬರುವ ರಸ್ತೆಯ ಒಂದು ತಿರುವಿನಲ್ಲಿ. ಅಲ್ಲಿ ಸೋಗೆ ಹೊದಿಸಿದ ಒಂದು ಚಹಾದ ಹೋಟೆಲು. ನಡೆಸುತ್ತಿದ್ದವಳು ನಡುವಯಸ್ಸಿನ ವಿಧವೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಯಜಮಾನರು ಆಗುಂಬೆಯ ಕಡೆ, ಕೊಡಚಾದ್ರಿಯ ಕಡೆ ಎಂದು ಇನ್ನೂ ಎತ್ತರದ, ಇನ್ನೂ ದೂರದ ಊರುಗಳನ್ನು ಲೆಕ್ಕ ಹಾಕತೊಡಗಿದರು. ನಾದಿನಿ ಒಂದು ಕಲ್ಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಸೌದೆ ಹೊತ್ತ ಹೆಂಗಸರು ಹೋದರು. ಹುಲ್ಲಿನ ಗಾಡಿಯೊಂದು ಬಂತು. ರಸ್ತೆಗೆ ಜಲ್ಲಿ ಹಾಕುವವರು ಬಂದು ಚಹಾ ಕುಡಿದು, ಏನೋ ತಮಾಷೆ ಮಾಡಿ ನಕ್ಕು ಹೋದರು. ಅವಳೂ ನಕ್ಕಳು. ಎಷ್ಟೋ ತಿಂಗಳಿಂದ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹತ್ತಿರ ಹೋಗಿ, ನಿನಗೆ ಯಾವ ಜಾಗ ಬೇಕು ಎಂದು ಕೇಳಿದೆ.

"ಇಷ್ಟು ದಿನ ಎಲ್ರೂ ಗಾಳೀನೇ ನೋಡಿದ್ರಿ ಅತ್ತಿಗಿ, ನನ್ನ ಯಾರೂ ಕೇಳ್ಲಿಲ್ಲ" ಎಂದಳು. "ಆ ಗುಡ್ಡದ ಮ್ಯಾಲೆ ಬಿಟ್ಟಿದ್ರೆ ನಾ ಅಂಜಿಕೀಗೇ ಸಾಯ್ತಿದ್ದೆ. ನಂಗೆ ನಾಕು ಮಂದಿ ಹೋಗಾದು ಬರಾದು ಕಾಣ್ಬೇಕು. ಇಲ್ಲೇ ಎಲ್ಲಾರ ಇರೂಣು."

ಹೋಟೆಲಿನ ಹಿಂದೆ ಗುಡ್ಡ ಏರಿತ್ತು. ಮೇಲೆ ಒಂದು ಮಟ್ಟಸವಾದ ಜಾಗ, ಎರಡು ಮಾವಿನ ಮರ. ಅದು ಹೋಟೆಲಿನವಳದೇ ಖುಷ್ಕಿ ಜಮೀನು, ಏನೂ ಬೆಳೆಯದೆ ಬಿದ್ದದ್ದು. ಅತ್ತೆ ಅವಳ ಹತ್ತಿರ ಹೋಗಿ ಮೊದಲು ಕಾಯಿಲೆಯ ಹೆಸರು ಹೇಳಿ, ಆಮೇಲೆ ಜಾಗ ಕೇಳಿದರು. ಆಕೆ ಕುದಿಯುತ್ತಿದ್ದ ಹಾಲನ್ನು ಇಳಿಸಿಟ್ಟು, ನಾದಿನಿಯನ್ನು ಒಂದು ಸಲ ನೋಡಿದಳು.

"ನಾ ಹೋಟ್ಲು ಇಟ್ಕಂಡೋಳು. ಹುಡುಗಿ ನನ್ ಲೋಟ ಮುಟ್ಟಾಂಗಿಲ್ಲ, ಒಳಗೆ ಬರಾಂಗಿಲ್ಲ. ಮ್ಯಾಲೆ ಬೇಕಾದಂಗೆ ಇರ್ಲಿ" ಎಂದಳು. ಹಾಲನ್ನು ಮತ್ತೆ ಒಲೆಯ ಮೇಲಿಡುತ್ತ, "ಕಡೇ ಬಸ್ ಹೋದ್ಮೇಲೆ ಇಲ್ಲಿ ನಂಗ್ಯಾರೂ ಇಲ್ಲ ಮಾರಾಯ್ತಿ. ಮ್ಯಾಲೊಂದು ದೀಪ ಕಂಡ್ರೆ ನಂಗೂ ಧೈರ್ಯ" ಎಂದಳು.

ಹೀಗೆ ನಾವು ಆ ತಿರುವಿಗೆ ಬಂದೆವು. ಬಿದಿರು, ಹುಲ್ಲು, ಮಣ್ಣಿನಲ್ಲಿ ಎರಡು ಗುಡಿಸಲು ಎದ್ದವು. ನಾದಿನಿಯದಕ್ಕೆ ಹಿಂದೆ ಒಂದು ಗೋಡೆ, ಮಿಕ್ಕ ಮೂರು ಕಡೆ ಬಯಲು. ಅಡುಗೆ ಮಾವಿನ ಮರದ ಕೆಳಗೆ. ಒಲೆ ಹೊತ್ತಿಸಿದರೆ ಗಾಳಿ ಆರಿಸುತ್ತಿತ್ತು, ಹಿಟ್ಟು ಕಲಸಿಟ್ಟರೆ ಮಂಗ ಎತ್ತಿಕೊಂಡು ಹೋಗುತ್ತಿತ್ತು. ಮೊದಲ ತಿಂಗಳು ನಾನು ಒಂದು ಸಲವೂ ನೆಟ್ಟಗೆ ರೊಟ್ಟಿ ಸುಡಲಿಲ್ಲ. ಮಗಳು ಮೊದಲ ಹೆಜ್ಜೆಯಿಟ್ಟದ್ದು ಅಲ್ಲಿ, ಬಿದ್ದು ಮೊಣಕಾಲು ತರಚಿಕೊಂಡದ್ದೂ ಅಲ್ಲೇ. ಬೆಳಗಿನ ಚಳಿಯಲ್ಲಿ ಎಲ್ಲರೂ ಕಂಬಳಿ ಹೊದ್ದು ಬಿಸಿಲು ಬರುವ ಬಂಡೆಯ ಮೇಲೆ ಕೂರುತ್ತಿದ್ದೆವು. ಮಳೆಗಾಲ ಮಾತ್ರ ಬಹಳ ಕಷ್ಟ. ಬಿದಿರಿನ ತಟ್ಟಿ ಕಟ್ಟಿದರೂ ಇರಚಲು ಬಡಿಯುತ್ತಿತ್ತು. ಒಳಗೆ ಬಾ ಎಂದರೆ ನಾದಿನಿ ಬರಳು, ಹಾಸಿಗೆಯನ್ನೇ ಅತ್ತಿತ್ತ ಎಳೆದುಕೊಂಡು ಒಣ ಜಾಗ ಹುಡುಕಿಕೊಳ್ಳುತ್ತಿದ್ದಳು.

ಯಜಮಾನರು ಸೊರಬದಲ್ಲಿ ಒಂದು ಅಂಗಡಿಯ ಜಗಲಿ ಹಿಡಿದು ಅಲ್ಲಿ ಮಷೀನು ಹಾಕಿದರು. ಬೆಳಗಿನ ಬಸ್ಸಿಗೆ ಹೋಗಿ ಕಡೇ ಬಸ್ಸಿಗೆ ಬರುವುದು. ಇಂಜೆಕ್ಷನ್ನಿನ ದಿನ ತಂಗಿಯನ್ನೂ ಅಲ್ಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಬಸ್ಸಿನಲ್ಲಿ ಕೆಲವರು ಎದ್ದು ಬೇರೆ ಕಡೆ ಕೂರುತ್ತಿದ್ದರಂತೆ. ಅವಳು ಅದನ್ನು ಹೇಳಿಕೊಂಡು ಅಳಲಿಲ್ಲ. ಹಿರೇಕೆರೂರಿಗೆ ಅತ್ತೆಯೇ ಸುದ್ದಿ ಮುಟ್ಟಿಸಿದ್ದರು. ಆ ಮನೆಯವರು ಹುಡುಗನಿಗೆ ಬೇರೆ ಕಡೆ ಗೊತ್ತುಮಾಡಿದರೆಂದು ತಿಳಿದ ದಿನ ಮಾತ್ರ ಮಧ್ಯಾಹ್ನವೆಲ್ಲ ಮಗ್ಗುಲಾಗಿ ಮಲಗಿದ್ದಳು. ಸಂಜೆ ಎದ್ದು, ಅನ್ನ ಇದೆಯೇ ಎಂದು ಕೇಳಿದಳು.

ಅವಳಿಗೆ ಕೆಲಸ ಮಾಡುವಂತಿರಲಿಲ್ಲ, ಗಿರಾಕಿಗಳ ಬಟ್ಟೆಯನ್ನು ತಾನಾಗಿಯೇ ಮುಟ್ಟುತ್ತಿರಲಿಲ್ಲ. ಹಾಸಿಗೆಯಿಂದ ರಸ್ತೆ ಎರಡೂ ಕಡೆ ಬಹಳ ದೂರದವರೆಗೆ ಕಾಣುತ್ತಿತ್ತು. ನೋಡಿ ನೋಡಿ ಅವಳಿಗೆ ಆ ದಾರಿಯ ಜನರೆಲ್ಲ ಗುರುತಾದರು. ಒಂದು ದಿನ ಯಾರೋ ಹೋಟೆಲಿನ ಮುಂದೆ ನಿಂತು ತಮ್ಮ ಅಣ್ಣನ ಗಾಡಿ ಹೋಯಿತೇ ಎಂದು ವಿಚಾರಿಸುತ್ತಿದ್ದರು. ಹೋಟೆಲಿನವಳಿಗೆ ಗೊತ್ತಿರಲಿಲ್ಲ. ನಾದಿನಿ ಮೇಲಿಂದಲೇ ಕೂಗಿ ಹೇಳಿದಳು, ಹೋಯಿತು, ಬಿಳಿ ಎತ್ತು ಕುಂಟುತ್ತಿತ್ತು ಎಂದು. ಅಂದಿನಿಂದ ಅದೊಂದು ರೂಢಿಯಾಯಿತು. ಬಸ್ಸು ಹೋಯಿತೇ, ಮಾಸ್ತರು ಬಂದರೇ, ತಪ್ಪಿಸಿಕೊಂಡ ಎಮ್ಮೆ ಈ ಕಡೆ ಬಂತೇ ಎಂದು ಜನ ಕೆಳಗೆ ನಿಂತು ಕತ್ತೆತ್ತಿ ಕೇಳುತ್ತಿದ್ದರು. ಇನ್ನೊಬ್ಬರಿಗೆ ಮುಟ್ಟಿಸಬೇಕಾದ ಮಾತುಗಳನ್ನೂ ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ಹತ್ತಿರ ಬರಲು ಅಂಜುವವರಿಗೂ ದೂರದಿಂದ ಮಾತಾಡಲು ಏನಡ್ಡಿ? ಕೂಗಿ ಕೂಗಿ ಎದೆ ನೋಯಿಸಿಕೊಳ್ಳಬೇಡ ಎಂದು ಅತ್ತೆ ಗದರಿದರೆ, ಹೋಟೆಲಿನವಳು ಕೆಳಗಿಂದ ಅವಳ ಪರವಾಗಿ ವಾದಿಸುತ್ತಿದ್ದಳು.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬರುವುದು ನಿಂತಿತ್ತು, ಕೆನ್ನೆ ತುಂಬಿಕೊಂಡಿತ್ತು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದಾಗ ಎದೆ ಚೊಕ್ಕಟವಾಗಿದೆ ಎಂದರು. ಆ ದಿನ ಯಜಮಾನರು ಬಸ್ಸಿನಿಂದ ಇಳಿದವರೇ ನೇರವಾಗಿ ತಾಯಿಯ ಹತ್ತಿರ ಹೋಗಿ ಕಾಲು ಹಿಡಿದರು. ಆ ಗಾಡಿಯಲ್ಲಿ ಆಡಿದ ಮಾತು ತಮ್ಮನ್ನು ಅಷ್ಟು ಕಾಲ ಕೊರೆಯುತ್ತಿತ್ತೆಂದು ನನ್ನೊಡನೆಯೂ ಅವರು ಹೇಳಿರಲಿಲ್ಲ. ಅತ್ತೆ ಅವರ ತಲೆ ಸವರಿ, ಹಸಿದು ಬಂದೀಯ, ಉಣ್ಣು ಎಂದರು.

ನಾದಿನಿಗೆ ಮದುವೆಯೂ ಆಯಿತು. ರಸ್ತೆಗೆ ಜಲ್ಲಿ ಹಾಕುವವರ ಮೇಸ್ತ್ರಿ, ಹೆಂಡತಿ ಸತ್ತಿದ್ದವನು, ಎರಡು ವರ್ಷ ಕೆಳಗೆ ರಸ್ತೆಯಿಂದಲೇ ಅವಳೊಡನೆ ಕೂಗಿ ಮಾತಾಡಿದ್ದವನು. ಹೋಟೆಲಿನವಳೇ ಮುಂದೆ ನಿಂತು ಮಾತು ಕುದುರಿಸಿದಳು. ಸೊರಬದ ಗುಡಿಯೊಂದರಲ್ಲಿ ತಾಳಿ ಕಟ್ಟಿಸಿದೆವು.

ಆಮೇಲೆ ನಾವೂ ಸೊರಬದಲ್ಲಿ ಬಾಡಿಗೆ ಮನೆ ಹಿಡಿದೆವು. ಶಿಕಾರಿಪುರಕ್ಕೆ ಮರಳುವ ಮನಸ್ಸು ಯಾರಿಗೂ ಆಗಲಿಲ್ಲ. ಮಗಳಿಗೆ ಬಾಗಿಲು ಹಾಕಿದ ಮನೆಯೊಳಗೆ ಮಲಗುವುದೆಂದರೆ ಏನೆಂದೇ ಗೊತ್ತಿರಲಿಲ್ಲ. ಮೊದಲ ದಿನವೇ ಅತ್ತು ರಂಪ ಮಾಡಿ, ಚಾಪೆಯನ್ನು ದರದರ ಎಳೆದುಕೊಂಡು ಜಗಲಿಗೆ ಹೋದಳು. ಅವಳ ಹಿಂದೆ ಅತ್ತೆ ಹೋದರು. ಸ್ವಲ್ಪ ಹೊತ್ತಿಗೆ ನಾವಿಬ್ಬರೂ ಹಾಸಿಗೆ ಸುತ್ತಿಕೊಂಡು ಹೊರಗೆ ಬಂದೆವು. ಬೆಳಿಗ್ಗೆ ನೀರಿಗೆ ಹೊರಟ ಬೀದಿಯ ಹೆಂಗಸರು ನಮ್ಮನ್ನು ನೋಡಿ, ಒಳಗೆ ತಿಗಣೆಯೇನ್ರೀ ಎಂದು ಕೇಳಿದರು.