ಗೌರಿಯನ್ನು ಮಾರಿಲ್ಲ

ತೂಬಗೆರೆಯ ಹಾಲಿನ ಡೇರಿ ಬಾಗಿಲಲ್ಲಿ ಜಯಮ್ಮ ನನ್ನ ಮುಖಕ್ಕೆ ಫೋನ್ ಹಿಡಿದರು. ‘ಇಂದು ಗೌರಿಗೆ ಲಸಿಕೆ ಹಾಕಿಸಿ’ ಎನ್ನುತ್ತಿತ್ತು ಹಸು ಸಾಕುವವರಿಗಾಗಿ ನಾನು ವಿನ್ಯಾಸ ಮಾಡಿದ ಆ್ಯಪ್. ಅವರ ಹಸು ಗೌರಿ ಸತ್ತು ಮೂರು ತಿಂಗಳಾಗಿತ್ತು.

ಹಸುವಿನ ಹೆಸರು ತೆಗೆಯಲು ಅದರಲ್ಲಿದ್ದದ್ದು ‘ಮಾರಿದ್ದೇನೆ’ ಎಂಬ ಒಂದೇ ಬಟನ್. ‘ಸತ್ತಿದೆ’ ಎಂದೂ ಒಂದು ಇಡಿ ಎಂದು ಅವರು ಆಗಲೇ ಹೇಳಿ ಕಳಿಸಿದ್ದರು. ಹೇಗೂ ಹೆಸರು ಹೋಗುತ್ತದಲ್ಲ, ಒಬ್ಬರಿಗಾಗಿ ಯಾಕೆ ಎಂದು ಆ ಬೇಡಿಕೆಯನ್ನು ನಾನೇ ಬದಿಗಿಟ್ಟಿದ್ದೆ.

“ಅದನ್ನೇ ಒತ್ಬಿಡಿ ಅಮ್ಮ, ಏನೂ ಆಗಲ್ಲ” ಎಂದೆ.

“ನಾನೇ ನಿಂತು ಮಣ್ಣು ಮಾಡಿಸಿದೀನಿ ಕಣಪ್ಪಾ. ಮಾರ್ದೆ ಅಂತ ಹೆಂಗೆ ಒತ್ಲಿ?”

ಮರುದಿನವೇ ‘ಸತ್ತಿದೆ’ ಬಟನ್ ಸೇರಿಸಿದೆ. ತಿಂಗಳಾಯಿತು, ಜಯಮ್ಮ ಅದನ್ನೂ ಒತ್ತಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದು ನೋಡುತ್ತೇನೆ. ಪಟ್ಟಿಯಲ್ಲಿ ಗೌರಿ ಇನ್ನೂ ಇದ್ದಾಳೆ.