ಆಲದ ಮರಕ್ಕೆ ಕಟ್ಟಿದ ಬರೀ ಹುಲ್ಲು

ಅತ್ತೆ ದಾವಣಗೆರೆಗೆ ಹೊರಟ ದಿನವೇ ಹಸು ಈಯಿತು. ಪಿ.ಜೆ. ಬಡಾವಣೆಯಲ್ಲಿದ್ದ ನಾದಿನಿಗೆ ದಿನ ತುಂಬಿತ್ತು, ಹೋಗದೆ ವಿಧಿಯಿರಲಿಲ್ಲ. ಹರಿಹರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಕರುವಿನ ಮೈ ಒರೆಸಿ, ಕೈ ತೊಳೆದುಕೊಂಡು, ಅವರು ಹೊರಡುವಾಗ ಹೇಳಿದ್ದು ಒಂದೇ ಮಾತು.

“ಮಾಸು ಬೀಳೋತನಕ ಇಲ್ಲಿಂದ ಏಳಬ್ಯಾಡ. ಹಸು ಅದಕ್ಕೆ ಬಾಯಿ ಹಾಕಿದ್ರೆ ಹಾಲು ಬತ್ತಿ ಹೋಗ್ತೈತೆ.”

ಕರು ಹುಟ್ಟಿದ ಮೇಲೆ ಗರ್ಭದಿಂದ ಕಳಚಿ ಬರುವ ಪೊರೆಯೇ ಮಾಸು. ಅದನ್ನು ಹುಲ್ಲಿನಲ್ಲಿ ಸುತ್ತಿ ಊರಾಚೆಯ ಆಲದ ಮರಕ್ಕೆ ಕಟ್ಟಬೇಕು. ಕಟ್ಟಿದರೆ ಆ ಮರದ ಹಾಲಿನಂತೆ ಕೆಚ್ಚಲಿನ ಹಾಲೂ ಬತ್ತದೆ ಉಳಿಯುತ್ತದೆ ಎಂದು ನಂಬಿಕೆ. ಮರದ ತುಂಬ ಅಂಥ ಗಂಟುಗಳು ತೂಗುತ್ತಿದ್ದವು. ಯಾರ ಮನೆಯದು ಯಾವುದು ಎಂದು ಓಣಿಯ ಹೆಂಗಸರಿಗೆಲ್ಲ ಗೊತ್ತು.

ನಾನು ಆ ಮನೆಗೆ ಬಂದು ವರ್ಷವಾಗಿರಲಿಲ್ಲ. ಮಳೆ ಹಿಡಿದು ಎಂಟು ದಿನವಾಗಿತ್ತು, ಕೊಟ್ಟಿಗೆಯ ನೆಲವೆಲ್ಲ ಕೆಸರು. ಹಸುವಿನ ಹಿಂದೆ ಒಂದು ಗೇಣು ಪೊರೆ ಜೋತುಬಿದ್ದಿತ್ತು, ಕೆಳಗಿಳಿಯುವ ಲಕ್ಷಣವೇ ಇರಲಿಲ್ಲ. ಕೂತು ಕೂತು ಸೊಂಟ ಹಿಡಿಯಿತು. ಒಳಗೆ ವಾರಪತ್ರಿಕೆ ಇತ್ತು. ಧಾರಾವಾಹಿಯ ನಾಯಕಿ ಹೋದ ವಾರ ವಿಷದ ಬಟ್ಟಲು ಕೈಗೆತ್ತಿಕೊಂಡಿದ್ದಳು. ಒಂದು ಗಳಿಗೆ ಎಂದು ಎದ್ದುಹೋದವಳು ಇಡೀ ಕಂತು ಓದಿ ಮುಗಿಸಿದೆ. ಅವಳೇನೂ ಸಾಯಲಿಲ್ಲ.

ಮರಳಿ ಬಂದಾಗ ಜೋತುಬಿದ್ದದ್ದು ಇರಲಿಲ್ಲ. ಹಸುವಿನ ಮೂತಿ ಕೆಂಪಾಗಿತ್ತು, ಏನನ್ನೋ ಜಗಿಯುತ್ತಿತ್ತು. ಎಲ್ಲವನ್ನೂ ತಿಂದುಬಿಟ್ಟಿದೆ ಎಂದೇ ತಿಳಿದೆ. ಅತ್ತೆ ರೊಟ್ಟಿ ಸೀದರೆ ಮೂರು ದಿನ ಆಡಿಕೊಳ್ಳುವವರು. ಅವರ ಬಾಯಿಗೆ ಹೆದರಿ, ಒಂದು ಹಿಡಿ ಹುಲ್ಲನ್ನು ಗಂಟು ಕಟ್ಟಿ, ಮಳೆಯಲ್ಲೇ ಹೋಗಿ ಮರಕ್ಕೆ ಬಿಗಿದು ಬಂದೆ. ದಾರಿಯಲ್ಲಿ ಸಿಕ್ಕ ಪಕ್ಕದ ಮನೆಯಾಕೆ, “ಬಿತ್ತೇನವ್ವ?” ಎಂದಳು. “ಬಿತ್ರಿ,” ಎಂದೆ. ನಾಲಗೆ ತಡವರಿಸಲೂ ಇಲ್ಲ.

ಅತ್ತೆ ಮೂರನೆಯ ದಿನ ಮೊಮ್ಮಗಳನ್ನು ನೋಡಿಕೊಂಡು ಬಂದರು. ಪಕ್ಕದ ಮನೆಯಾಕೆ ನನಗಿಂತ ಮೊದಲೇ ವರದಿ ಒಪ್ಪಿಸಿದ್ದಳು. “ಛಲೋ ಮಾಡ್ದಿ,” ಎಂದು ಅತ್ತೆ ನನ್ನ ಬೆನ್ನು ಸವರಿದರು. ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಮರುದಿನ ಹಸು ಹಿಂಡಿ ಮುಟ್ಟಲಿಲ್ಲ. ಬೆನ್ನು ಬಾಗಿಸಿ ನಿಂತು ತಿಣುಕುತ್ತಿತ್ತು. ಬಾಲದ ಬುಡದಲ್ಲಿ ಕಂದು ನೀರು, ಕೆಟ್ಟ ನಾತ. ಮಳೆಗಾಲದ ಕೊಟ್ಟಿಗೆ ನಾರುವುದೇ ಹಾಗೆ ಎಂದು ಅತ್ತೆ ಬೂದಿ ಚೆಲ್ಲಿದರು. ಆಗಲೇ ನನಗೆ ಅನುಮಾನ ಬಂತು. ತಿಂದದ್ದು ಜೋತುಬಿದ್ದ ತುಣುಕನ್ನು ಮಾತ್ರ, ಉಳಿದದ್ದೆಲ್ಲ ಒಳಗೇ ಇದೆ ಎಂದು.

ದನದ ಡಾಕ್ಟರು ಬಂದರು. ಮೈ ಮುಟ್ಟಿ, “ಜ್ವರ ಭಾಳ ಐತೆ. ಮಾಸು ಪೂರ್ತಿ ಬಿದ್ದೈತಾ? ಯಾರು ನೋಡ್ಯಾರೆ?” ಎಂದರು.

“ನನ್ನ ಸೊಸಿ ಕಣ್ಣಾರೆ ನೋಡ್ಯಾಳ್ರಿ. ಅವಳೇ ಮರಕ್ಕೆ ಕಟ್ಟಿ ಬಂದಾಳೆ,” ಎಂದರು ಅತ್ತೆ. ದನಿಯಲ್ಲಿ ಹೆಮ್ಮೆ ಇತ್ತು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಹಸುವಿನ ಜೀವ ಆ ಹೊತ್ತು ನನ್ನ ಬಾಯಲ್ಲಿತ್ತು, ನಾನು ಬಾಯಿ ಬಿಡಲಿಲ್ಲ. ಅವರು ಜ್ವರಕ್ಕೆ ಸೂಜಿ ಚುಚ್ಚಿ ಹೋದರು.

ಎರಡು ದಿನ ಬಿಟ್ಟು ಅವರೇ ಮತ್ತೆ ಬಂದಾಗ ಹಸು ಮಲಗಿದ್ದು ಏಳುತ್ತಿರಲಿಲ್ಲ. ಈ ಸಲ ಅವರು ಯಾರನ್ನೂ ಕೇಳಲಿಲ್ಲ. ತೋಳಿಗೆ ಎಣ್ಣೆ ಸವರಿಕೊಂಡು ಒಳಗೆ ಕೈ ಹಾಕಿದರು. ಕೊಳೆತ ಪೊರೆ ಚೂರುಚೂರಾಗಿ ಹೊರಬಂತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನೇ ನೋಡುತ್ತ ನಿಂತರು. ಡಾಕ್ಟರು ಕೆಂಪು ಔಷಧದ ನೀರಿನಲ್ಲಿ ಗರ್ಭ ತೊಳೆದು, “ತಡ ಆತು,” ಎಂದಷ್ಟೇ ಹೇಳಿದರು. ಸಂಜೆಯೊಳಗೆ ಹಸು ಸತ್ತಿತು. ಕರು ಆಮೇಲೂ ಹೋಗಿ ಅದರ ಕೆಚ್ಚಲಿಗೆ ಮೂತಿ ಇಡುತ್ತಿತ್ತು, ಅದನ್ನು ಎಳೆದು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ. ಓಣಿಯವರು ಕೇಳಿದಾಗ, “ಮಳಿ ಥಂಡಿ ಹೊಡೀತು,” ಎಂದರು. ನನ್ನ ಮಾನ ಉಳಿಸಿದರು. ನಾನಂತೂ ತಪ್ಪಾಯಿತು ಎಂಬ ಒಂದು ಮಾತನ್ನೂ ಆಡಲಿಲ್ಲ. ಇಂದಿಗೂ ಅದಕ್ಕೆ ನನ್ನ ಮೇಲೆ ನನಗೆ ಅಸಹ್ಯವಿದೆ.

ಮುಂದಿನ ಮಳೆಗಾಲದಲ್ಲಿ ನಾನೇ ಹೆತ್ತೆ. ತವರಿನಲ್ಲಿ ತಾಯಿ ಇರಲಿಲ್ಲವಾಗಿ ಹೆರಿಗೆ ಹರಿಹರದಲ್ಲೇ ಆಯಿತು. ಮಗು ಅತ್ತಿತು. ಸೂಲಗಿತ್ತಿ, “ಗಂಡು ಕೂಸು ನೋಡ್ರವ್ವ,” ಎಂದು ಚಾಚಿದಳು. ಅತ್ತೆ ಮಗುವನ್ನು ಎತ್ತಿಕೊಳ್ಳಲಿಲ್ಲ.

“ಮಾಸು ಪೂರ್ತಿ ಬಿತ್ತಾ?”

ನಾನು ಮಲಗಿದ್ದಲ್ಲಿಂದಲೇ, “ಬಿತ್ರಿ ಅತ್ತೆ,” ಎಂದೆ.

“ನಿನ್ನ ಬಾಯಿಮಾತು ಬ್ಯಾಡ,” ಎಂದರು. ಸೂಲಗಿತ್ತಿ ಮೊರದಲ್ಲಿ ಇಟ್ಟಿದ್ದ ಮಾಸನ್ನು ಕಿಟಕಿಯ ಬೆಳಕಿಗೆ ಒಯ್ದು, ತಮ್ಮ ಕೈಯಿಂದಲೇ ಬಿಡಿಸಿ, ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದರು. ಎಲ್ಲಿಯೂ ಹರಿದಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ತೊಳೆದುಕೊಂಡು ಬಂದು ನನ್ನ ಹಣೆ ಮುಟ್ಟಿದರು.